ಸಿನ್ಸಿಯರ್ ಅಂದರೆ ಮೇಣವಿಲ್ಲದ್ದು

ಶಿವಯೋಗೀಶನ ಕಟ್ಟಿಗೆ ಕಾರ್ಖಾನೆಗೆ ಹನ್ನೊಂದು ವರ್ಷ ಹೆಸರೇ ಇರಲಿಲ್ಲ. ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ಒಂದು ತಗಡಿನ ಶೆಡ್ಡು, ಒಳಗೆ ಎರಡು ಕೊಯ್ಯುವ ಯಂತ್ರ, ಆರು ಜನ ಬಡಿಗರು. ಮಂಚ, ಕಪಾಟು, ಜೋಕಾಲಿ ಬೇಕಾದವರು ‘ಯೋಗೀಶನ ಶೆಡ್ಡು’ ಎಂದು ಕೇಳಿಕೊಂಡು ಬರುತ್ತಿದ್ದರು. ಈ ವರ್ಷ ಅವನು ಪಕ್ಕದ ಶೆಡ್ಡನ್ನೂ ಹಿಡಿದು, ಮುಂದುಗಡೆ ಗಾಜಿನ ಷೋರೂಮು ಕಟ್ಟಿಸಿದ. ಗಾಜು ಬಂದ ಮೇಲೆ ಬೋರ್ಡು ಬೇಕಾಯಿತು, ಬೋರ್ಡಿಗೆ ಹೆಸರು ಬೇಕಾಯಿತು.

ಹೆಸರು ಕೇಳಲು ಅವನು ಒಂದು ರವಿವಾರ ಮುಂಜಾನೆ ಧಾರವಾಡಕ್ಕೆ ಅಕ್ಕನ ಮನೆಗೆ ಹೋದ. ಅಕ್ಕ ನಾಗರತ್ನಾ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಇಂಗ್ಲಿಷ್ ಕಲಿಸುವವಳು. ಶಬ್ದ ಎಲ್ಲಿಂದ ಬಂತು, ಹೇಗೆ ಬಂತು ಎಂದು ಹೇಳಲು ಕುಳಿತಳೆಂದರೆ ಅವಳ ಒಲೆಯ ಮೇಲಿನ ಹಾಲು ಉಕ್ಕಿ ಹೋಗುವುದು ಮನೆಯವರಿಗೆಲ್ಲ ರೂಢಿಯಾಗಿತ್ತು.

“ಅಕ್ಕಾ, ಖರೇತನ ಅಂತ ಅರ್ಥ ಬರೂವಂಥಾ ಇಂಗ್ಲಿಷ್ ಶಬ್ದ ಒಂದು ಕೊಡು. ಕೇಳಿದ ಕೂಡ್ಲೇ ಗಿರಾಕಿಗೆ ನಂಬಿಕಿ ಬರಬೇಕು.”

“ಕನ್ನಡದಾಗ ‘ಸತ್ಯ’ ಅಂತ ಇಡಪಾ. ಛಲೋ ಇರ್ತೈತಿ.”

“ಸತ್ಯ ಅಂತ ಇಟ್ರ ಜನಾ ನಗ್ತಾರ. ಇಂಗ್ಲಿಷಿನ್ಯಾಗ ಇಟ್ರ ನಂಬ್ತಾರ.”

ಈ ಮಾತು ನಾಗರತ್ನಾಗೆ ಸೇರಲಿಲ್ಲ. ಆದರೂ ಅವಲಕ್ಕಿಯ ತಾಟು ಅವನ ಮುಂದಿಟ್ಟು ಶುರು ಮಾಡಿದಳು. ಮೊದಲು ‘ಕ್ಯಾಂಡಿಡ್’. ಲ್ಯಾಟಿನ್ನಿನಲ್ಲಿ ಅದರ ಮೂಲಕ್ಕೆ ಬೆಳ್ಳಗೆ ಹೊಳೆಯುವುದು ಎಂದರ್ಥ. ರೋಮಿನಲ್ಲಿ ಚುನಾವಣೆಗೆ ನಿಂತವರು ಬಟ್ಟೆಗೆ ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿಕೊಂಡು ಬರುತ್ತಿದ್ದರು, ಕ್ಯಾಂಡಿಡೇಟ್ ಎಂಬ ಶಬ್ದ ಅಲ್ಲಿಂದಲೇ ಬಂತು ಎಂದಳು.

“ಬಿಳೇ ಅಂಗಿ ಹಾಕ್ಕೊಂಡು ಓಟ್ ಕೇಳಾಕ ಬರಾವ್ರ? ಬ್ಯಾಡ ಬ್ಯಾಡ. ಆ ಹೆಸರಿಟ್ರ ಇದ್ದ ಗಿರಾಕಿನೂ ಓಡಿಹೋಗ್ತಾರ.”

“ಹಂಗಾರ ‘ಫ್ರ್ಯಾಂಕ್’. ಫ್ರ್ಯಾಂಕ್ ಅಂತ ಒಂದು ಜನಾಂಗ ಇತ್ತು. ಆಳಾವ್ರು ಅವರ, ಸ್ವತಂತ್ರ ಮಂದಿ. ಯಾರ ಅಂಜಿಕಿನೂ ಇಲ್ಲದಾವ್ರು ಬಾಯಿಬಿಚ್ಚಿ ಮಾತಾಡ್ತಾರಲ್ಲ, ಅದಕ್ಕ ಆ ಅರ್ಥ ಬಂತು.”

“ಅದು ಯಾರೋ ಪಾದ್ರಿ ಹೆಸರಿದ್ದಂಗೈತಿ.”

“ಆನೆಸ್ಟ್?”

“ಕನ್ನಡದಾಗ ಬರದು ನೋಡು, ಅಕ್ಕಾ. ಆ-ನೆ-ಸ್ಟ್. ಜನಾ ಆನಿ ಗೊಂಬಿ ಮಾಡಾವ್ರು ಅಂತ ತಿಳ್ಕೋತಾರ.”

ನಾಗರತ್ನಾ ನಕ್ಕಳು. ನಗುತ್ತಲೇ ಅವಳಿಗೆ ‘ಸಿನ್ಸಿಯರ್’ ನೆನಪಾಯಿತು. ತರಗತಿಯಲ್ಲಿ ಪ್ರತಿವರ್ಷ ಹೇಳುತ್ತಿದ್ದ ಕಥೆ ಅದು. ರೋಮಿನ ಶಿಲ್ಪಿಗಳು ಅಮೃತಶಿಲೆಯಲ್ಲಿ ಮೂರ್ತಿ ಕಡೆಯುವಾಗ ಬಿರುಕು ಬಿದ್ದರೆ ಅದರೊಳಗೆ ಮೇಣ ತುಂಬಿ ತಿಕ್ಕಿ ಮಾರುತ್ತಿದ್ದರಂತೆ. ಕೊಂಡವರು ಬಿಸಿಲಲ್ಲಿ ಇಟ್ಟಾಗ ಮೇಣ ಕರಗಿ ಮೂರ್ತಿಯ ಮೂಗು ಇಳಿದುಬರುತ್ತಿತ್ತಂತೆ. ಆಗ ಒಳ್ಳೆಯ ಶಿಲ್ಪಿಗಳು ತಮ್ಮ ಅಂಗಡಿಯ ಮುಂದೆ ‘ಸಿನೆ ಸೆರಾ’ ಎಂದು ಬರೆಸಿದರಂತೆ. ಸಿನೆ ಎಂದರೆ ಇಲ್ಲದ, ಸೆರಾ ಎಂದರೆ ಮೇಣ. ಮೇಣವಿಲ್ಲದ್ದು. ಅದೇ ಮುಂದೆ ಸಿನ್ಸಿಯರ್ ಆಯಿತಂತೆ.

ಶಿವಯೋಗೀಶ ತಾಟು ಕೆಳಗಿಟ್ಟ. “ಇದನ್ನ ಮೊದಲ ಹೇಳೂದು ಬಿಟ್ಟು ಆನಿ, ಪಾದ್ರಿ ಅಂತ ಕಾಲಾ ಕಳದ್ಯಲ್ಲ!”

ಹೀಗೆ ತಾರಿಹಾಳದಲ್ಲಿ ‘ಸಿನ್ಸಿಯರ್ ವುಡ್ ವರ್ಕ್ಸ್’ ಬೋರ್ಡು ಎದ್ದಿತು. ಉದ್ಘಾಟನೆಯ ದಿನ ನಾಗರತ್ನಾ ಇಳಕಲ್ ಸೀರೆ ಉಟ್ಟು ಬಂದು, ಮೈಕಿನ ಮುಂದೆ ಮೇಣದ ಕಥೆ ಹೇಳಿದಳು. ಮೂರ್ತಿಯ ಮೂಗು ಇಳಿದು ಬಂದಾಗ ಇಡೀ ಶೆಡ್ಡು ನಕ್ಕಿತು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಸಂಜೆಯೊಳಗೆ ಹುಬ್ಬಳ್ಳಿಯ ವಾಟ್ಸ್ಯಾಪ್ ಗುಂಪುಗಳಲ್ಲಿ ಹರಿದಾಡಿತು. ಒಂದೇ ವಾರದಲ್ಲಿ ನಾಗರತ್ನಾಳ ಬೀಗರೂ ಕಳಿಸಿದರು, ಹಾಲು ಕೊಡುವವನೂ ಕಳಿಸಿದ.

ನಗದೇ ಇದ್ದವನು ಒಬ್ಬನೇ, ಹೆಡ್ ಮೇಸ್ತ್ರಿ ಮೈಲಾರಿ. ಇಪ್ಪತ್ತೆರಡು ವರ್ಷದಿಂದ ಬಡಿಗತನ ಮಾಡುತ್ತಿದ್ದವನು. ಅವನ ಕೆಲಸದ ಮೇಜಿನ ಕೆಳಗೆ ಒಂದು ಬಿಸ್ಕಿಟ್ ಡಬ್ಬಿ ಇತ್ತು. ಅದರೊಳಗೆ ಜೇನುಮೇಣಕ್ಕೆ ನುಣ್ಣನೆಯ ಕಟ್ಟಿಗೆಪುಡಿ ಕಲಸಿ ಕಟ್ಟಿದ ಉಂಡೆಗಳಿದ್ದವು. ಸಾಗವಾನಿಗೆ ಒಂದು ಬಣ್ಣದ ಉಂಡೆ, ಹೊನ್ನೆಗೆ ಒಂದು, ಬೇವಿಗೆ ಒಂದು. ಹಲಗೆಯಲ್ಲಿ ಗಂಟು ಕಳಚಿ ತೂತಾದರೆ, ಸೀಳು ಬಿದ್ದರೆ, ಮೈಲಾರಿ ಆ ಉಂಡೆಯಿಂದ ತುಂಬಿ ಉಗುರಿನಿಂದ ಕಟ್ಟಿಗೆಯ ಗೆರೆಯನ್ನೇ ಎಳೆಯುತ್ತಿದ್ದ. ಆಮೇಲೆ ತೂತು ಎಲ್ಲಿತ್ತೆಂದು ಅವನ ಹೊರತು ಯಾರಿಗೂ ತಿಳಿಯುತ್ತಿರಲಿಲ್ಲ. ಭಾಷಣ ಮುಗಿದೊಡನೆ ಅವನು ಡಬ್ಬಿಯನ್ನು ಕಾಲಿನಿಂದ ಇನ್ನಷ್ಟು ಒಳಗೆ ತಳ್ಳಿದ.

ಅದು ಏಪ್ರಿಲ್ ತಿಂಗಳು. ಮರುದಿನದಿಂದಲೇ ಗಿರಾಕಿಗಳು ಹೊಸ ಚಾಳಿ ಹಿಡಿದರು. ಮಂಚ ನೋಡಲು ಬಂದವರು, “ಇದನ್ನ ಒಂದು ತಾಸು ಬಿಸಿಲಾಗ ಇಡ್ರಿ,” ಎನ್ನುತ್ತಿದ್ದರು. ಷೋರೂಮಿನ ಮುಂದೆ ಮಂಚ, ಕುರ್ಚಿ, ದೇವರ ಮಂಟಪ ಎಲ್ಲ ಬಿಸಿಲು ಕಾಯಿಸುತ್ತ ನಿಂತವು. ಗಿರಾಕಿಗಳು ಬೇವಿನ ನೆರಳಲ್ಲಿ ಕುಳಿತು ಚಹಾ ಕುಡಿಯುತ್ತ ಕಣ್ಣು ಕೀಲಿಸಿ ನೋಡಿದರು. ಮೈಲಾರಿ ತನ್ನ ಮಾಲನ್ನೆಲ್ಲ ಉಪಾಯದಿಂದ ನೆರಳಿನ ಕಡೆಗೆ ಸರಿಸುತ್ತ ಆ ವಾರ ಕಳೆದ.

ಆದರೆ ಸತ್ಯವ್ವನ ಮುಂದೆ ಉಪಾಯ ನಡೆಯಲಿಲ್ಲ. ಅವಳು ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಒಣ ಮೆಣಸಿನಕಾಯಿ ವ್ಯಾಪಾರ ಮಾಡುವವಳು. ಮನೆಯ ಪಡಸಾಲೆಗೆಂದು ಸಾಗವಾನಿ ಜೋಕಾಲಿ ಹೇಳಿದ್ದಳು. ಒಯ್ಯಲು ಬಂದಾಗ ಅವಳ ಚೀಲದಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು.

“ಮೆಣಸಿನಕಾಯಿಗೆ ಬಣ್ಣಾ ಹಚ್ಯಾರೋ ಇಲ್ಲೋ ನೋಡಾಕ ನೀರಾಗ ಅದ್ದತೇವಿ. ಇದನ್ನ ಹೆಂಗ ಅದ್ದೂದು? ಬಿಸಿಲಿಗೆ ಕಾಯಾಕ ನನಗ ಟೈಮಿಲ್ಲ. ಪ್ಲಗ್ ಎಲ್ಲೈತಿ, ಯೋಗೀಶಪ್ಪಾ?”

ಶಿವಯೋಗೀಶ ಧೈರ್ಯವಾಗಿ ಪ್ಲಗ್ ತೋರಿಸಿದ. ಅವನಿಗೆ ಮೈಲಾರಿಯ ಡಬ್ಬಿಯ ವಿಷಯ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಅದನ್ನು ಅವನು ಎಂದೂ ಮೇಣ ಎಂದು ಎಣಿಸಿರಲಿಲ್ಲ, ಫಿನಿಶಿಂಗ್ ಎಂದು ಎಣಿಸಿದ್ದ. ಸತ್ಯವ್ವ ಕಾದ ಇಸ್ತ್ರಿಯನ್ನು ಹಲಗೆಯ ಮೇಲೆ ಒಂದು ಬೆರಳು ಎತ್ತರದಲ್ಲಿ ಹಿಡಿದು ನಿಧಾನವಾಗಿ ಸರಿಸಿದಳು. ನಟ್ಟನಡುವೆ ಬಂದಾಗ ಕಟ್ಟಿಗೆ ಬೆವರಿತು. ಕಂದು ಬಣ್ಣದ ಹನಿಯೊಂದು ಉರುಳಿ ಹೋಗಿ, ಹಲಗೆಯಲ್ಲಿ ಒಂದು ಕಣ್ಣು ತೆರೆಯಿತು. ದುಂಡಗಿನ, ಎಂಟಾಣೆಯಷ್ಟು ಅಗಲದ ಗಂಟಿನ ತೂತು.

ಮೈಲಾರಿ ಮುಂದೆ ಬಂದ. “ಯವ್ವಾ, ಗಂಟು ಕಟ್ಟಿಗ್ಯಾಗ ಹುಟ್ಟಿದ್ದ. ಮೂರು ಮಂದಿ ಕುಂತ್ರೂ ಹಲಗಿ ಮುರಿಯೂದಿಲ್ಲ. ನಾ ಬರೇ ಚಂದ ಕಾಣ್ಲಿ ಅಂತ ತುಂಬೇನಿ. ಮದುಮಗಳಿಗೆ ಪೌಡರ್ ಹಚ್ಚೂದಿಲ್ಲೇನ್ರಿ?”

“ಹಚ್ತಾರ. ಆದ್ರ ಬೋರ್ಡಿನ ಮ್ಯಾಲ ‘ಪೌಡರ್ ಹಚ್ಚಿಲ್ಲ’ ಅಂತ ಬರಸೂದಿಲ್ಲ,” ಎಂದು ಸತ್ಯವ್ವ ಇಸ್ತ್ರಿಯ ವಾಯರು ಸುತ್ತಿದಳು. “ನೀವು ಮೊದಲ ಹೇಳಿದ್ರ ನಾ ಹಂಗ ಒಯ್ತಿದ್ನಿ. ಈಗ ಒಯ್ಯೂದಿಲ್ಲ. ಇಲ್ಲೇ ಇರ್ಲಿ.”

ಶಿವಯೋಗೀಶನಿಗೆ ಕಿವಿಯವರೆಗೆ ಮುಖ ಕೆಂಪಾಯಿತು. ಅಂದೇ ಅವನು ಬಿಸ್ಕಿಟ್ ಡಬ್ಬಿಯನ್ನು ಎತ್ತಿ ತನ್ನ ಕಪಾಟಿನಲ್ಲಿ ಕೀಲಿ ಹಾಕಿಟ್ಟ. ಇನ್ನು ಮೇಲೆ ಮೇಣ ಬಂದ್ ಎಂದ. ಮೈಲಾರಿ ಎರಡು ದಿನ ಗಂಟಿಲ್ಲದ ಹಲಗೆಗಳನ್ನೇ ಆರಿಸಿ ಆರಿಸಿ ಕೊಯ್ದ. ಮೂರನೆಯ ದಿನ ರಜೆ ಹಾಕಿ, ಒಗೆದ ಧೋತರ ಉಟ್ಟು, ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋದ.

ನಾಗರತ್ನಾ ಬಾಗಿಲು ತೆಗೆದಾಗ ಅವನು ಕೈಮುಗಿದು ನಿಂತಿದ್ದ. ಕುಳ್ಳಿರಿಸಿ ನೀರು ಕೊಟ್ಟಳು. ಅವನು ಸತ್ಯವ್ವನ ಇಸ್ತ್ರಿ, ಕೀಲಿ ಬಿದ್ದ ಡಬ್ಬಿ ಎಲ್ಲ ಹೇಳಿದ.

“ಅಕ್ಕಾರ, ಸಿಟ್ಟಿಲೇ ಬಂದಿಲ್ರಿ. ಒಂದು ಮಾತು ಕೇಳಾಕ ಬಂದೇನಿ. ನೀವು ಹೇಳಿದ ಆ ಮೇಣದ ಸಂಗತಿ ಯಾವ ಪುಸ್ತಕದಾಗ ಐತ್ರಿ?”

“ಪುಸ್ತಕ... ಭಾಳ ಪುಸ್ತಕದಾಗ ಐತಿ, ಮೈಲಾರಿ. ನಮ್ಮ ಗುರುಗಳು ಹೇಳಿದ್ರು.”

“ಅವರಿಗೆ ಯಾರು ಹೇಳಿದ್ರು?”

ನಾಗರತ್ನಾ ಚಹಾ ಇಡಲು ಎದ್ದಳು.

“ನಾ ಸಾಲಿ ಕಲಿತದ್ದು ಏಳನೇ ಇಯತ್ತೆ ತನಕ್ರಿ. ನಿಮಗ ಎದುರು ಮಾತಾಡಾಂವಲ್ಲ. ಆದ್ರ ಕಲ್ಲಿಗೆ ಮೇಣ ತುಂಬೂದು ನನಗ ಒಗ್ಗಲಿಲ್ಲ. ಮೇಣ ಕಟ್ಟಿಗಿಗೆ ಹಿಡೀತೈತ್ರಿ, ಯಾಕಂದ್ರ ಕಟ್ಟಿಗಿ ಕುಡೀತೈತಿ. ನುಣ್ಣನ್ನ ಅಮೃತಶಿಲಿ ಕುಡೀತೈತೇನು? ಮೂಗು ಮಾಡಿ ಹಚ್ಚಿದ್ರ ಅಂಗಡ್ಯಾಗ ಬೀಳ್ತಿತ್ತು. ಗಿರಾಕಿ ಮನೀ ತನಕಾ ಹೋಗ್ತಿರಲಿಲ್ಲ.”

ಅವನು ಚಹಾ ಕುಡಿದು, ಹೇಳಿದ್ದಕ್ಕೆ ಕ್ಷಮೆ ಕೇಳಿ ಹೋದ. ನಾಗರತ್ನಾ ಮರುದಿನ ಕಾಲೇಜಿನ ಗ್ರಂಥಾಲಯದಲ್ಲಿ, ಯಾರೂ ಮುಟ್ಟದ ಕಪಾಟಿನಿಂದ ದೊಡ್ಡ ನಿಘಂಟನ್ನು ಇಳಿಸಿದಳು. ದೂಳು ಹೊಡೆದು ‘ಸಿನ್ಸಿಯರ್’ ತೆಗೆದಳು. ಅಲ್ಲಿ ಶಿಲ್ಪಿ ಇರಲಿಲ್ಲ, ಮೂರ್ತಿ ಇರಲಿಲ್ಲ. ಲ್ಯಾಟಿನ್ನಿನ ‘ಸಿಂಕೇರುಸ್’ ಎಂಬ ಶಬ್ದದಿಂದ ಬಂದದ್ದು. ಅರ್ಥ: ಶುದ್ಧವಾದದ್ದು, ಬೆರಕೆ ಇಲ್ಲದ್ದು. ಅದಕ್ಕಿಂತ ಹಿಂದಿನ ಮೂಲ ಖಚಿತವಿಲ್ಲ. ಮೇಣದ ಕಥೆಗೆ ಆಧಾರವಿಲ್ಲ, ಜನ ಆಮೇಲೆ ಕಟ್ಟಿದ್ದು. ಅವಳು ಇನ್ನೂ ಎರಡು ನಿಘಂಟು ತೆಗೆದು ನೋಡಿದಳು. ಅವೂ ಹಾಗೇ ಅಂದವು.

ಇಪ್ಪತ್ತಾರು ವರ್ಷ! ಪ್ರತಿ ಜುಲೈ ತಿಂಗಳಲ್ಲಿ ಹೊಸ ಮಕ್ಕಳ ಮುಂದೆ ಮೂಗು ಇಳಿಸಿದ್ದಳು. ಆ ಮಕ್ಕಳಲ್ಲಿ ಹಲವರು ಈಗ ಮೇಷ್ಟ್ರಾಗಿ ತಮ್ಮ ಮಕ್ಕಳ ಮುಂದೆ ಮೂಗು ಇಳಿಸುತ್ತಿದ್ದಾರೆ. ಒಬ್ಬ ನ್ಯಾಯಾಧೀಶನಾಗಿದ್ದಾನೆ. ಖರೇತನದ ಶಬ್ದದ ಬಗ್ಗೆಯೇ ಇಷ್ಟು ವರ್ಷ ಸುಳ್ಳು ಹೇಳಿದೆನಲ್ಲ ಎಂದು ಅವಳಿಗೆ ಅಳುವೂ ಬಂತು, ನಗುವೂ ಬಂತು. ಗ್ರಂಥಪಾಲಕ ಎದುರಿಗಿದ್ದುದರಿಂದ ಎರಡನ್ನೂ ತಡೆದುಕೊಂಡಳು.

ಹಾಳೆ ತಿರುವಿದಾಗ ‘ಸೂಥ್’ ಎಂಬ ಹಳೆಯ ಶಬ್ದ ಕಂಡಿತು. ಒಂದು ಕಾಲಕ್ಕೆ ಇಂಗ್ಲಿಷಿನಲ್ಲಿ ಸತ್ಯಕ್ಕೆ ಅದೇ ಹೆಸರು. ಸಂಸ್ಕೃತದ ‘ಸತ್ಯ’ ಮತ್ತು ಅದು ಒಂದೇ ಬೇರಿನವು. ಅದರ ಮಗಳು ‘ಸೂದ್’. ಮೊದಲು ಅದಕ್ಕೆ, ಇದು ಸತ್ಯ ಎಂದು ಸಾಕ್ಷಿ ನುಡಿಯುವುದು ಎಂದರ್ಥವಿತ್ತು. ಬರಬರುತ್ತ ಎದುರಿನವರು ಅಂದದ್ದಕ್ಕೆ ಹೌದು ಹೌದು ಎನ್ನುವುದಾಯಿತು, ಆಮೇಲೆ ಅವರನ್ನು ಪೂಸಿ ಹೊಡೆಯುವುದಾಯಿತು, ಈಗ ಬರೀ ಸಮಾಧಾನ ಮಾಡುವುದು. ನಾಗರತ್ನಾ ನಿಘಂಟು ಮುಚ್ಚಿ ತಮ್ಮನಿಗೆ ಫೋನ್ ಮಾಡಿದಳು.

“ಯೋಗೀಶಾ, ಮೇಣದ ಕಥಿ ಸುಳ್ಳಂತ.”

ಆ ಕಡೆ ಯಂತ್ರದ ಸದ್ದು ನಿಂತಿತು. “ಯಾರಂದ್ರು?”

“ಮೂರು ನಿಘಂಟು.”

“ಅವು ಮಾತಾಡೂದಿಲ್ಲಲ್ಲ. ನೀನೂ ಮಾತಾಡಬ್ಯಾಡ. ಅಕ್ಕಾ, ಕೈ ಮುಗೀತೇನಿ. ಆ ಕಥಿ ಕೇಳಿ ಬೆಳಗಾವಿಯಿಂದ ಜನಾ ಬರಾಕತ್ಯಾರ. ಮೈಲಾರಿಗೆ ಗೊತ್ತಾದ್ರ ಡಬ್ಬಿ ತಿರುಗಿ ಕೇಳ್ತಾನ.”

“ಕೇಳ್ದವ್ರಿಗೆಲ್ಲ ಹೌದು ಹೌದು ಅನ್ನೂದಕ್ಕ ಇಂಗ್ಲಿಷಿನ್ಯಾಗ ಒಂದು ಶಬ್ದ ಐತಿ. ಈಗ ಓದಿದ್ನಿ. ನಾ ಆ ಶಬ್ದ ಆಗಾಕ ತಯಾರಿಲ್ಲ. ರವಿವಾರ ಬರ್ತೇನಿ.”

ರವಿವಾರ ಹನ್ನೊಂದು ಗಂಟೆಗೆ ಅವಳು ಬಂದಳು. ಸತ್ಯವ್ವನನ್ನು ತಾನೇ ಫೋನ್ ಮಾಡಿ ಕರೆಸಿದ್ದಳು. ಬಡಿಗರೆಲ್ಲ ಗುಂಪಾಗಿ ನಿಂತರು, ಬಿಸಿಲಿಗೆ ಮಂಚ ಇಟ್ಟಿದ್ದ ಗಿರಾಕಿಗಳೂ ಒಳಗೆ ಬಂದರು. ಶಿವಯೋಗೀಶ ಮುಖ ಹುಳ್ಳಗೆ ಮಾಡಿಕೊಂಡು ಮೊಬೈಲ್ ಹಿಡಿದ. ವಿಡಿಯೋ ಮಾಡಲೇಬೇಕೆಂದು ಅಕ್ಕನ ಅಪ್ಪಣೆಯಾಗಿತ್ತು.

ನಾಗರತ್ನಾ ಸುತ್ತಿ ಬಳಸದೆ ಹೇಳಿದಳು. ತಾನು ಹೇಳಿದ ಕಥೆಗೆ ಆಧಾರವಿಲ್ಲ, ನೋಡದೇ ಹೇಳಿದ್ದು ತನ್ನ ತಪ್ಪು, ತಪ್ಪು ತೋರಿಸಿದವನು ಮೈಲಾರಿ. ಎಲ್ಲರೂ ಮೈಲಾರಿಯ ಕಡೆ ನೋಡಿದರು. ಅವನು ಹೆಗಲ ಮೇಲಿನ ಟವೆಲ್ ತೆಗೆದು, ಸುಮ್ಮನೆ ಒಮ್ಮೆ ಝಾಡಿಸಿ, ಮತ್ತೆ ಹಾಕಿಕೊಂಡ. ಒಳಗೊಳಗೇ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

“ಅಂದ್ರ ಸಿನ್ಸಿಯರಿಗೂ ಮೇಣಕ್ಕೂ ಸಂಬಂಧ ಇಲ್ಲಲ್ರಿ? ಸಾವ್ಕಾರ್ರ, ಡಬ್ಬಿ ಕೊಡ್ರಿ ಹಂಗಾರ.”

“ತಡೀರಿ, ತಡೀರಿ,” ಎಂದಳು ಸತ್ಯವ್ವ. “ಅಕ್ಕಾರ, ಹಂಗಾರ ಅದರ ಖರೇ ಅರ್ಥಾ ಏನೈತಿ? ಅದನ್ನ ಹೇಳ್ರಿ ಮೊದಲ.”

“ಶುದ್ಧ. ಬೆರಕಿ ಇಲ್ಲದ್ದು. ಕೆಲವು ಪಂಡಿತರು, ಒಂದ ಬೆಳವಣಿಗಿದು, ಕಸಿ ಮಾಡಿದ್ದಲ್ಲ ಅಂತನೂ ಇರಬಹುದು ಅಂತಾರ.”

ಮೈಲಾರಿ ಡಬ್ಬಿಗೆಂದು ಚಾಚಿದ ಕೈ ಹಾಗೇ ನಿಲ್ಲಿಸಿದ. ಲೆಕ್ಕ ಹಾಕಿದ. ಷೋರೂಮಿನ ಕಡೆ ತಿರುಗಿ ನೋಡಿದ.

“ಬೆರಕಿ ಇಲ್ಲದ್ದು ಅಂದ್ರ... ಸಾವ್ಕಾರ್ರ, ಹಂಗಾರ ಮೇಣ ಅಷ್ಟ ಅಲ್ರಿ. ಪ್ಲೈವುಡ್ಡೂ ಹೋತು. ಮ್ಯಾಲಿನ ಅಂಟಿಸಿದ ಸಾಗವಾನಿ ಪಟ್ಟಿನೂ ಹೋತು. ಫೆವಿಕಾಲೂ ಹೋತು.”

ಒಬ್ಬ ಬಡಿಗ ಗೊಳ್ಳೆಂದು ನಕ್ಕ. ಷೋರೂಮಿನ ಅರ್ಧಕ್ಕಿಂತ ಹೆಚ್ಚು ಕಪಾಟುಗಳು ಮೇಲೆ ಸಾಗವಾನಿ, ಒಳಗೆ ಪ್ಲೈವುಡ್ಡು. ಸುಳ್ಳು ಕಥೆ ಒಂದು ಡಬ್ಬಿಯನ್ನು ಕಸಿದುಕೊಂಡಿತ್ತು, ಖರೇ ಅರ್ಥ ಇಡೀ ಅಂಗಡಿಯನ್ನೇ ಕೇಳುತ್ತಿತ್ತು. ಶಿವಯೋಗೀಶನ ಕೈಯಲ್ಲಿದ್ದ ಮೊಬೈಲ್ ಕೆಳಗಿಳಿದು ನೆಲವನ್ನು ಚಿತ್ರಿಸತೊಡಗಿತು.

“ಅಕ್ಕಾ, ನಾಳೆ ಬೋರ್ಡು ಇಳಸ್ತೇನಿ. ಆನಿ ಹೆಸರ ಇಡೂಣು.”

“ಬೋರ್ಡು ಯಾಕ ಇಳಸ್ತಿ?” ಸತ್ಯವ್ವ ತನ್ನ ಜೋಕಾಲಿಯ ಮೇಲೆ ಕುಳಿತಳು. “ಪ್ಲೈವುಡ್ ತಗೊಳ್ಳಾವ್ರು ತಗೋತಾರ, ಅದು ತಪ್ಪಲ್ಲ. ನಮ್ಮ ಯಾರ್ಡಿನ್ಯಾಗ ಚೀಲದ ಮ್ಯಾಲ ಬರೀತೇವಿ, ಇದು ಮೊದಲನೇ ದರ್ಜೆ, ಇದು ಮಳ್ಯಾಗ ತೊಯ್ದದ್ದು ಅಂತ. ಮಳ್ಯಾಗ ತೊಯ್ದದ್ದನ್ನೂ ಜನಾ ಒಯ್ತಾರ. ಏನೈತಿ ಅದನ್ನ ಬರದು ಚೀಟಿ ಹಚ್ರಿ. ಮೈಲಾರಿ, ನಂದ ಮೊದಲ ಬರಿ. ತೂತಿಗೆ ಮೇಣಾನೂ ತುಂಬು. ಕಣ್ಣು ತಕ್ಕೊಂಡು ನೋಡೂ ಹಲಗಿ ಮ್ಯಾಲ ನನಗ ಕುಂಡ್ರಾಕ ಆಗೂದಿಲ್ಲ.”

ಮೈಲಾರಿಗೆ ಡಬ್ಬಿ ಸಿಕ್ಕಿತು, ಜೊತೆಗೆ ಒಂದು ಪೆನ್ನೂ ಸಿಕ್ಕಿತು. ಅವನು ಕುಕ್ಕರಗಾಲಿನಲ್ಲಿ ಕುಳಿತು, ತೂತು ತುಂಬಿ, ರಟ್ಟಿನ ತುಂಡಿನ ಮೇಲೆ ದುಂಡಗೆ ಬರೆದ: ‘ಸಾಗವಾನಿ. ನಡುವೆ ಒಂದು ಗಂಟು ಇತ್ತು, ಬಿದ್ದಿದೆ. ಮೇಣ ತುಂಬಿದ್ದೇನೆ. ಗಟ್ಟಿ ಇದೆ. ಮೈಲಾರಿ.’ ಸತ್ಯವ್ವ ಓದಿ, ಚೀಟಿಯನ್ನು ಜೋಕಾಲಿಯ ಸರಪಳಿಗೆ ತಾನೇ ಕಟ್ಟಿಕೊಂಡು ಟೆಂಪೋದಲ್ಲಿ ಒಯ್ದಳು.

ಬರೆಯುವ ರುಚಿ ಹತ್ತಿದ ಮೇಲೆ ಮೈಲಾರಿಯನ್ನು ಹಿಡಿಯುವವರಿಲ್ಲ. ‘ಒಳಗೆ ಪ್ಲೈವುಡ್. ಹೊರಗಿನದು ನೋಡಿ ಮೋಸ ಹೋಗಬೇಡಿ, ಆದರೆ ಇದೂ ಇಪ್ಪತ್ತು ವರ್ಷ ಬರುತ್ತದೆ.’ ‘ಎಡಗಾಲು ಕೂದಲೆಳೆ ಗಿಡ್ಡ. ನಿಮ್ಮ ನೆಲವೂ ಸಮ ಇರಲಿಕ್ಕಿಲ್ಲ.’ ‘ಈ ಕುರ್ಚಿ ನನ್ನ ಶಿಷ್ಯ ಮಾಡಿದ್ದು. ನಾನಾಗಿದ್ದರೆ ಹಿಂಬದಿ ಇನ್ನಷ್ಟು ವಾಲಿಸುತ್ತಿದ್ದೆ.’ ಕೊನೆಯ ಚೀಟಿಯ ಬಗ್ಗೆ ಶಿಷ್ಯ ಎರಡು ದಿನ ಮುನಿಸಿಕೊಂಡ. ಗಿರಾಕಿಗಳು ಮಾತ್ರ ಒಂದೊಂದೇ ಚೀಟಿ ಓದುತ್ತ, ಒಬ್ಬರಿಗೊಬ್ಬರು ಓದಿ ಹೇಳುತ್ತ ಷೋರೂಮಿನಲ್ಲಿ ತಾಸುಗಟ್ಟಲೆ ನಿಂತರು. ಬಿಸಿಲಿಗೆ ಮಂಚ ಇಡುವುದು ನಿಂತಿತು. ಶಿವಯೋಗೀಶ ಮೊದಲ ವಾರ ಚೀಟಿ ಕಂಡರೆ ಬೆವರುತ್ತಿದ್ದ. ಎರಡನೆಯ ವಾರ ಕಾಗುಣಿತ ತಿದ್ದತೊಡಗಿದ.

ನಾಗರತ್ನಾಳ ತಪ್ಪೊಪ್ಪಿಗೆಯ ವಿಡಿಯೋ ನೋಡಿದವರು ಒಟ್ಟು ನಲವತ್ತಮೂರು ಮಂದಿ. ಅದರಲ್ಲಿ ಕೊನೆಯ ಎರಡು ನಿಮಿಷ ಬರೀ ನೆಲ. ಮೇಣದ ಕಥೆ ಇನ್ನೂ ಊರೂರು ತಿರುಗುತ್ತಲೇ ಇತ್ತು. ಅವಳು ಹಳೆಯ ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳುತ್ತಿದ್ದಳು. ನ್ಯಾಯಾಧೀಶನಾದವನು ಎಲ್ಲ ಕೇಳಿ, “ಮೇಡಮ್, ಈ ಕಥಿ ಹೇಳಿ ನಾ ನನ್ನ ಹೆಂಡತೀನ್ನ ಒಪ್ಪಿಸಿದ್ನಿರಿ. ಅಕಿಗೆ ಹೇಳಬ್ಯಾಡ್ರಿ,” ಎಂದ.

ಮೇ ತಿಂಗಳಲ್ಲಿ ಮೈಲಾರಿ ಅವಳ ಮನೆಯ ಪುಸ್ತಕದ ಕಪಾಟು ರಿಪೇರಿಗೆ ಬಂದ. ಕೆಳಗಿನ ಹಲಗೆ ಬಿಗಿಮಾಡುತ್ತ, “ಅಕ್ಕಾರ, ‘ಟ್ರೂ’ ಅಂತಾರಲ್ರಿ, ಅದು ಎಲ್ಲಿಂದ ಬಂತು?” ಎಂದ. ಹಿಂದಿನ ನಾಗರತ್ನಾ ಆಗಿದ್ದರೆ ಅಲ್ಲೇ ಶುರು ಮಾಡುತ್ತಿದ್ದಳು. ಈಗ ಎದ್ದು ಹೋಗಿ, ಹೊಸದಾಗಿ ಕೊಂಡ ನಿಘಂಟು ತಂದು ಅವನ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. ಬೆರಳಿಟ್ಟು ಓದಿ ಹೇಳಿದಳು.

“ಮೊದಲ ಅದಕ್ಕ ನಿಷ್ಠಾವಂತ, ಕೈಬಿಡದಾಂವ ಅಂತ ಅರ್ಥಾ ಇತ್ತು. ಗಿಡಕ್ಕ ಇಂಗ್ಲಿಷಿನ್ಯಾಗ ‘ಟ್ರೀ’ ಅಂತಾರಲ್ಲ, ಅದರ ಬಳಗದ್ದು. ನಮ್ಮ ‘ದೇವದಾರು’ ಐತಲ್ಲ, ಅದರಾಗಿನ ‘ದಾರು’ನೂ ಅದ ಬಳಗ. ಗಿಡದಂಗ ಗಟ್ಟಿ ನಿಂತದ್ದು ಟ್ರೂ.”

“ಕಟ್ಟಿಗಿ!” ಮೈಲಾರಿ ಉಳಿ ಕೆಳಗಿಟ್ಟ. “ಖರೇ ಅಂದ್ರ ಕಟ್ಟಿಗಿ?”

“ತಡಿ. ಇಲ್ಲೆ ಮೊದಲಿಗೆ ಇನ್ನೊಂದು ಶಬ್ದ ಐತಿ, ನಾ ಬಿಟ್ನಿ. ‘ಬಹುಶಃ’ ಅಂತ ಬರದಾರ. ಬಹುಶಃ ಗಿಡದ ಬಳಗದ್ದು.”

ಮೈಲಾರಿ ಕತ್ತು ಚಾಚಿ ಆ ಇಂಗ್ಲಿಷ್ ಅಕ್ಷರಗಳನ್ನು ನೋಡಿದ. ಅವಳ ಬೆರಳು ಇದ್ದ ಜಾಗದಲ್ಲಿ ತನ್ನ ಬೆರಳನ್ನೂ ಇಟ್ಟ.

“ಗೊತ್ತಿಲ್ಲದ್ದಕ್ಕ ಬಹುಶಃ ಅಂತ ಬರದಾರಲ್ರಿ, ಅವರು ಭಾಳ ಛಲೋ ಮಂದಿ ಇರಬೇಕು,” ಎಂದ. “ಆ ಶಬ್ದಾ ನನಗ ಒಂದು ಚೀಟಿ ಮ್ಯಾಲ ಬರದು ಕೊಡ್ರಿ. ಪ್ಲೈವುಡ್ ಇಪ್ಪತ್ತು ವರ್ಷ ಬರ್ತೈತಿ ಅಂತ ಬರದೇನಲ್ಲ, ಅಲ್ಲಿ ಹಚ್ಚಬೇಕು.”